ಹಾಸ್ಟೆಲ್ ಕೋಣೆ ಯಾರ ಅನುಕೂಲಕ್ಕೆ?

ಅಮೆರಿಕದ ಹಾಸ್ಟೆಲ್ ಒಂದರಲ್ಲಿ ಇಬ್ಬರು ವಿದ್ಯಾರ್ಥಿನಿಯರು ಬಾಡಿಗೆ ಕೊಡದೆ ಇದ್ದಾರೆ ಎನ್ನೋಣ. ಒಬ್ಬಳು ರೆಸಿಡೆಂಟ್ ಅಸಿಸ್ಟೆಂಟ್. ನಡುರಾತ್ರಿ ಯಾರಿಗಾದರೂ ಜ್ವರ ಬಂದರೂ ಜಗಳವಾದರೂ ಎದ್ದು ಹೋಗಬೇಕಾದವಳು. ಇನ್ನೊಬ್ಬಳಿಗೆ ಮನೆಯ ಬಡತನ ನೋಡಿ ಕೋಣೆ ಕೊಟ್ಟಿದ್ದಾರೆ. ಸಾಮಾನ್ಯವಾಗಿ ಮೊದಲನೆಯವಳ ಕೋಣೆ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ, ಬಡ ಹುಡುಗಿಯದು ಬರುತ್ತದೆ. ಮೇಲ್ನೋಟಕ್ಕೆ ವಿಚಿತ್ರವೆನಿಸುವ ಈ ಫಲ ಎರಡು ಬೇರೆ ದಾರಿಗಳಲ್ಲಿ ಬೆಳೆದ ಕಾನೂನಿನದು.

ಮೊದಲ ದಾರಿ ಹಳೆಯದು. ಹಡಗಿನ ನಾವಿಕರಿಗೆ ಸಿಗುವ ಊಟ-ವಸತಿ ಅವರ ಆದಾಯವಲ್ಲ ಎಂದು ತೆರಿಗೆ ಇಲಾಖೆ 1919ರಲ್ಲೇ ಹೇಳಿತ್ತು. 1937ರ ಬೆನಾಗ್ಲಿಯಾ ಪ್ರಕರಣ ಹೊನೊಲುಲುವಿನ ಐಷಾರಾಮಿ ಹೋಟೆಲಿನ ಮ್ಯಾನೇಜರನದು. ಸದಾ ಕರೆಗೆ ಸಿಗಬೇಕಾದವನು ಅಲ್ಲೇ ಇರುವುದು ಮಾಲೀಕನ ಅಗತ್ಯ, ಹಾಗಾಗಿ ಆ ವಸತಿ ಆದಾಯವಲ್ಲ ಎಂದಾಯಿತು. (ಅಂಥ ಹೋಟೆಲಿನ ಸೂಟಿನಲ್ಲಿದ್ದವನ ಮೇಲೆ ಕನಿಕರ ಹುಟ್ಟುವುದು ಕಷ್ಟ, ಆದರೆ ತರ್ಕ ಗಟ್ಟಿ.) 1954ರ ತೆರಿಗೆ ಸಂಹಿತೆಯ 119ನೇ ಸೆಕ್ಷನ್ ಅದನ್ನು ಮೂರು ಷರತ್ತುಗಳಾಗಿ ಬರೆದಿಟ್ಟಿತು: ವಸತಿ ಕೆಲಸದ ಆವರಣದಲ್ಲೇ ಇರಬೇಕು, ಮಾಲೀಕನ ಅನುಕೂಲಕ್ಕಿರಬೇಕು, ಕೆಲಸಕ್ಕೆ ಸೇರಿದವನು ಅದನ್ನು ಒಪ್ಪಲೇಬೇಕಾಗಿರಬೇಕು. ಹಾಸ್ಟೆಲ್ಲೇ ಕೆಲಸದ ಜಾಗವಾದ ರೆಸಿಡೆಂಟ್ ಅಸಿಸ್ಟೆಂಟ್‌ಗೆ ಇವು ಸಲೀಸಾಗಿ ಒಗ್ಗುತ್ತವೆ. ಲೈಬ್ರರಿಯಲ್ಲಿ ದುಡಿಯುವವನಿಗೆ ಸಂಬಳದ ಬದಲು ಕೋಣೆ ಕೊಟ್ಟರೆ ಒಗ್ಗುವುದಿಲ್ಲ, ಅದು ಸಂಬಳವೇ. ಊಟಕ್ಕೂ ಒಂದು ಮಿತಿಯಿದೆ. ನ್ಯೂಜೆರ್ಸಿಯ ಪೊಲೀಸರ ಊಟದ ಭತ್ಯೆ ಕುರಿತ 1977ರ ಕೊವಾಲ್ಸ್ಕಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಈ ವಿನಾಯಿತಿ ಬಡಿಸಿದ ಊಟಕ್ಕೆ, ಕೈಗೆ ಕೊಟ್ಟ ಹಣಕ್ಕಲ್ಲ ಎಂದಿತು.

ಎರಡನೆಯ ದಾರಿ ವಿದ್ಯಾರ್ಥಿವೇತನದ್ದು, ಬಡ ಹುಡುಗಿಯ ಕೋಣೆ ಬರುವುದು ಇದರಡಿ. 1954ರಿಂದ ಪದವಿ ವಿದ್ಯಾರ್ಥಿಗಳ ವಿದ್ಯಾರ್ಥಿವೇತನದಲ್ಲಿ ಊಟ-ವಸತಿಗೂ ವಿನಾಯಿತಿಯಿತ್ತು. 1986ರ ತೆರಿಗೆ ಸುಧಾರಣೆ ಅದನ್ನು ಬೋಧನಾ ಶುಲ್ಕ, ಪುಸ್ತಕ, ಅಗತ್ಯ ಸಾಮಗ್ರಿಗಳಿಗೆ ಸೀಮಿತಗೊಳಿಸಿತು. ಊಟ, ಹಾಸಿಗೆ ಎಲ್ಲರಿಗೂ ಬೇಕಾದ ಖರ್ಚು. ಓದದೆ ದುಡಿಯುವ ಯುವಕ ಅದನ್ನು ತೆರಿಗೆ ಕಟ್ಟಿ ಉಳಿದ ಹಣದಲ್ಲಿ ಭರಿಸುವಾಗ ವಿದ್ಯಾರ್ಥಿಗೇಕೆ ರಿಯಾಯಿತಿ ಎಂಬ ವಾದ ಇದನ್ನು ಸಮರ್ಥಿಸುತ್ತದೆ.

ಹಾಗಾದರೆ ಅಸಿಸ್ಟೆಂಟ್ ಕೂಡ ಅದೇ ಹಾಸಿಗೆಯಲ್ಲಿ ಮಲಗುತ್ತಾಳಲ್ಲ, ಬಾಡಿಗೆ ಉಳಿಸುತ್ತಾಳಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ಆದರೂ ಆಕೆಗೆ ಬೇರೆಡೆ ಇರುವ ಆಯ್ಕೆಯಿಲ್ಲ, ನಿದ್ದೆಯೂ ಪೂರ್ತಿ ಅವಳದಲ್ಲ. ಕೋಣೆಯ ಪೇಟೆ ಬೆಲೆಯನ್ನು ಅವಳ ಲಾಭವೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಈ ಭೇದ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಅನ್ಯಾಯವಿದ್ದರೆ ಅದು ಬಡ ವಿದ್ಯಾರ್ಥಿನಿಯ ಮೇಲೆ ನಿಜವಾಗಿ ಬೀಳುವ ಹೊರೆಯಲ್ಲಿರಬೇಕು, ಮತ್ತು ಅದನ್ನು ತೀರ್ಮಾನಿಸುವುದು ಈ ಎರಡು ನಿಯಮಗಳಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಹಾಕುವ ಮುನ್ನ ಆದಾಯದಿಂದ ಕಳೆಯುವ ನಿಗದಿತ ಮೊತ್ತ. 2024ರಲ್ಲಿ ಒಂಟಿ ವ್ಯಕ್ತಿಗೆ ಅದು 14,600 ಡಾಲರ್. ಬೇರೆ ಆದಾಯ ಕಡಿಮೆಯಿದ್ದರೆ ಅಮೆರಿಕದ ಹುಡುಗಿಯ ಊಟ-ವಸತಿ ಅದರೊಳಗೇ ಅಡಗಿಹೋಗುತ್ತದೆ. ಪೆಟ್ಟು ಬೀಳುವುದು ವಿದೇಶಿಯರಿಗೆ: ಎಫ್ ವಿದ್ಯಾರ್ಥಿ ವೀಸಾದವರ ತೆರಿಗೆಗೊಳಪಡುವ ವಿದ್ಯಾರ್ಥಿವೇತನದಿಂದ ಸಾಮಾನ್ಯವಾಗಿ ಶೇ. 14ನ್ನು ಮೊದಲೇ ಮುರಿದುಕೊಳ್ಳುತ್ತಾರೆ, ಅನಿವಾಸಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಇಲ್ಲ. ಭಾರತೀಯರು ಈ ಕೊನೆಯ ಮಾತಿಗೆ ಅಪವಾದ. 1989ರ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೋದ ವಿದ್ಯಾರ್ಥಿಯೂ ಸ್ಟ್ಯಾಂಡರ್ಡ್ ಡಿಡಕ್ಷನ್ ಕೇಳಬಹುದು. ಮುರಿದುಕೊಂಡ ಹಣದಲ್ಲಿ ಹೆಚ್ಚಾದದ್ದು ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ.