ಅಸ್ಥಿತಿಸ್ಥಾಪಕ ಸಂಘಟ್ಟನೆ: ಇತಿಹಾಸ

ಎರಡು ಕಾಯಗಳು ಡಿಕ್ಕಿ ಹೊಡೆದಾಗ ಒಟ್ಟು ಸಂವೇಗ ಹಾಗೆಯೇ ಉಳಿದು, ಚಲನಶಕ್ತಿಯ ಒಂದು ಪಾಲು ಶಾಖ, ಸದ್ದು, ಆಕಾರದ ಬದಲಾವಣೆಗಳಾಗಿ ಮಾರ್ಪಟ್ಟರೆ ಅದು ಅಸ್ಥಿತಿಸ್ಥಾಪಕ ಸಂಘಟ್ಟನೆ. ಡಿಕ್ಕಿಯ ಬಳಿಕ ಎರಡೂ ಕಾಯಗಳು ಒಂದಾಗಿ ಸಾಗಿದರೆ ಅದು ಪೂರ್ಣ ಅಸ್ಥಿತಿಸ್ಥಾಪಕ.

ಸಿದ್ಧಾಂತದ ಬೆಳವಣಿಗೆ

ರೆನೆ ಡೆಕಾರ್ಟ್ 1644ರಲ್ಲಿ ಡಿಕ್ಕಿಯ ನಿಯಮಗಳನ್ನು ಬರೆದ. ಚಲನೆಯ ದಿಕ್ಕನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಅವುಗಳಲ್ಲಿ ಹೆಚ್ಚಿನವು ತಪ್ಪಾದವು. 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ಪ್ರಶ್ನೆಯನ್ನು ಮತ್ತೆ ಎತ್ತಿತು. ಪುಟಿಯದ ಕಾಯಗಳ ಲೆಕ್ಕವನ್ನು ಜಾನ್ ವಾಲಿಸ್ ಕೊಟ್ಟರೆ, ಪುಟಿಯುವವುಗಳದ್ದನ್ನು ಕ್ರಿಸ್ಟೋಫರ್ ರೆನ್ ಮತ್ತು ಕ್ರಿಸ್ಟಿಯಾನ್ ಹೈಗನ್ಸ್ ಕೊಟ್ಟರು. ನ್ಯೂಟನ್ ಚೆಂಡುಗಳನ್ನು ದಾರಕ್ಕೆ ತೂಗಿಬಿಟ್ಟು ಡಿಕ್ಕಿ ಹೊಡೆಸಿ ನೋಡಿದ. ಗಾಜಿನ ಚೆಂಡುಗಳು ಹತ್ತಿರ ಬಂದ ವೇಗದ 15/16ರಷ್ಟರಲ್ಲಿ ದೂರ ಸರಿದವು. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು 5/9ರಷ್ಟರಲ್ಲಿ ಮಾತ್ರ. ಎರಡರಲ್ಲೂ ಸಂವೇಗದ ಲೆಕ್ಕ ತಪ್ಪಲಿಲ್ಲ. ಈ ಫಲಿತಾಂಶಗಳು 1687ರ 'ಪ್ರಿನ್ಸಿಪಿಯಾ'ದಲ್ಲಿವೆ.

ಹಾಗಾದರೆ ಕಳೆದುಹೋದದ್ದು ಏನು? ರಾಶಿಯನ್ನು ವೇಗದ ವರ್ಗದಿಂದ ಗುಣಿಸಿದ ಮೊತ್ತವೇ ಉಳಿಯುವಂಥದ್ದು ಎಂದು ಲೈಬ್ನಿಟ್ಸ್ ವಾದಿಸಿದ. ಮೆತ್ತನೆಯ ಕಾಯಗಳಲ್ಲಿ ಅದು ನಾಶವಾಗದೆ ಒಳಗಿನ ಕಣಗಳಿಗೆ ಹಂಚಿಹೋಗುತ್ತದೆ, ದೊಡ್ಡ ನಾಣ್ಯವನ್ನು ಚಿಲ್ಲರೆ ಮಾಡಿಸಿದಂತೆ ಎಂದ. ಡಚ್ ವಿಜ್ಞಾನಿ ಗ್ರಾವೆಸಾಂಡೆ 1722ರಲ್ಲಿ ಹಿತ್ತಾಳೆ ಗುಂಡುಗಳನ್ನು ಹಸಿ ಜೇಡಿಮಣ್ಣಿನ ಮೇಲೆ ಬೀಳಿಸಿ, ಅವು ಮಾಡಿದ ಕುಳಿಗಳು ವೇಗದ ವರ್ಗವನ್ನು ಅನುಸರಿಸುವುದನ್ನು ತೋರಿಸಿದ. ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರ ತಮ್ಮ ಗ್ರಂಥದಲ್ಲಿ ಈ ಪಕ್ಷವನ್ನು ಎತ್ತಿಹಿಡಿದರು. ಜೂಲ್ ಮತ್ತು ಹೆಲ್ಮ್‌ಹೋಲ್ಟ್ಸ್ 1840ರ ದಶಕದಲ್ಲಿ ಶಾಖವನ್ನೂ ಶಕ್ತಿಯ ಲೆಕ್ಕಕ್ಕೆ ಸೇರಿಸಿದ ಮೇಲೆ ಜಮಾಖರ್ಚು ಸರಿಹೋಯಿತು.

ಠಾಣೆ–ಕಲ್ಯಾಣ ಹಳಿಗಳಲ್ಲಿ

ಈ ತತ್ತ್ವ ದಿನನಿತ್ಯ ಕಣ್ಣಿಗೆ ಬೀಳುವ ಜಾಗ ರೈಲ್ವೆ ಯಾರ್ಡ್. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಮುಂಬೈನ ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ಓಡಿತು, 1854ರಲ್ಲಿ ಹಳಿ ಕಲ್ಯಾಣ ಮುಟ್ಟಿತು. ಕಸಾರಾ, ಕರ್ಜತ್ ಕಡೆಯ ದಾರಿಗಳು ಕವಲೊಡೆಯುವ ಈ ಜಂಕ್ಷನ್ನಿನಂಥ ಕಡೆ ಶಂಟಿಂಗ್, ಅಂದರೆ ವ್ಯಾಗನ್ನುಗಳನ್ನು ಸರಿಸಿ ಜೋಡಿಸುವ ಕೆಲಸ, ನಡೆಯುತ್ತದೆ. ಸೆಕೆಂಡಿಗೆ 2 ಮೀಟರ್ ವೇಗದ 20 ಟನ್ ವ್ಯಾಗನ್ ಒಂದು, ನಿಂತಿರುವ 60 ಟನ್ ವ್ಯಾಗನ್ನಿಗೆ ತಗುಲಿ ಕೊಂಡಿ ಬೀಳುತ್ತದೆ ಎನ್ನೋಣ. ಎರಡೂ ಸೇರಿ ಸೆಕೆಂಡಿಗೆ 0.5 ಮೀಟರ್ ವೇಗದಲ್ಲಿ ಸಾಗುತ್ತವೆ. ಸಂವೇಗ ಅಷ್ಟೇ ಇದೆ; ಚಲನಶಕ್ತಿ ಮಾತ್ರ 40 ಕಿಲೋಜೂಲ್‌ನಿಂದ 10ಕ್ಕೆ ಇಳಿದಿದೆ. ಉಳಿದ 30 ಕಿಲೋಜೂಲ್ ಕೊಂಡಿಯ ಹಿಂದಿನ ಆಘಾತಶಾಮಕದ ಘರ್ಷಣೆಯಲ್ಲಿ ಬಿಸಿಯಾಗಿ, ಒಂದಿಷ್ಟು 'ಧಡ್' ಎಂಬ ಸದ್ದಾಗಿ ಹೋಗುತ್ತದೆ.

ತಗುಲುವ ವೇಗವನ್ನು ಅರ್ಧಕ್ಕೆ ಇಳಿಸಿದರೆ ಹೀಗೆ ಹೋಗುವ ಶಕ್ತಿ ಕಾಲು ಭಾಗಕ್ಕೆ, 7.5 ಕಿಲೋಜೂಲ್‌ಗೆ ಇಳಿಯುತ್ತದೆ. ವ್ಯಾಗನ್ನುಗಳನ್ನು ನಿಧಾನವಾಗಿಯೇ ಜೋಡಿಸಬೇಕು ಎನ್ನುವುದಕ್ಕೆ ಕಾರಣ ಇದೇ.