ನರಕೋಶವನ್ನು ಬದುಕಿಸುವ ಪ್ರೋಟೀನು

ಭ್ರೂಣದಲ್ಲಿ ಹುಟ್ಟುವ ನರಕೋಶಗಳೆಲ್ಲ ಉಳಿಯುವುದಿಲ್ಲ. ಹಲವು ಬಗೆಯ ನರಕೋಶಗಳು ತಮ್ಮ ತಂತು ತಲುಪಿದ ಅಂಗಾಂಶದಿಂದ ರಾಸಾಯನಿಕ ಸಂಕೇತ ದೊರೆತರಷ್ಟೇ ಬದುಕುತ್ತವೆ. ಈ ತಿಳಿವಿಗೆ ದಾರಿ ತೆರೆದದ್ದು ಇಟಲಿಯ ಟ್ಯೂರಿನ್‌ನಲ್ಲಿ, ಒಂದು ಮಲಗುವ ಕೋಣೆಯಲ್ಲಿ.

1938ರ ಜನಾಂಗೀಯ ಕಾನೂನುಗಳು ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿದ ಮೇಲೆ, ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ತರುಣ ವೈದ್ಯೆ ಮನೆಯಲ್ಲೇ ಪ್ರಯೋಗಾಲಯ ಹೂಡಿದರು. ಹೊಲಿಗೆಯ ಸೂಜಿಗಳನ್ನು ಮಸೆದು, ಕೋಳಿಭ್ರೂಣದ ರೆಕ್ಕೆ-ಕಾಲುಗಳ ಮೊಳಕೆಯನ್ನು ಕತ್ತರಿಸಿ, ಆ ಭಾಗಕ್ಕೆ ಹೋಗಬೇಕಿದ್ದ ನರಕೋಶಗಳ ಗತಿಯನ್ನು ಗಮನಿಸಿದರು. ಬಾಂಬ್ ದಾಳಿಗೆ ಊರು ಬಿಟ್ಟು ಹಳ್ಳಿ ಸೇರಿದಾಗಲೂ ಈ ಕೆಲಸ ನಿಲ್ಲಲಿಲ್ಲ. ಅಂಗವಿಲ್ಲದಿದ್ದರೆ ನರಕೋಶಗಳು ರೂಪುಗೊಳ್ಳುವುದೇ ಇಲ್ಲವೆಂದು ವಿಕ್ಟರ್ ಹ್ಯಾಂಬರ್ಗರ್ 1934ರಲ್ಲಿ ಊಹಿಸಿದ್ದರು. ರೀಟಾ ಕಂಡದ್ದೇ ಬೇರೆ: ಕೋಶಗಳು ರೂಪುಗೊಳ್ಳುತ್ತವೆ, ಆಮೇಲೆ ಸಾಯುತ್ತವೆ. ತಮ್ಮ ಊಹೆಯನ್ನು ಅಲ್ಲಗಳೆದ ಈಕೆಯನ್ನು ಹ್ಯಾಂಬರ್ಗರ್ ಅಮೆರಿಕದ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಅಂಥ ದೊಡ್ಡತನ ವಿಜ್ಞಾನದಲ್ಲೂ ಅಪರೂಪ.

1947ರಲ್ಲಿ ಅಲ್ಲಿಗೆ ಹೋದ ರೀಟಾ, ಇಲಿಯ ಗಡ್ಡೆಯೊಂದನ್ನು ಕಸಿ ಮಾಡಿದ ಭ್ರೂಣಗಳಲ್ಲಿ ನರತಂತುಗಳು ಮಿತಿಮೀರಿ ಬೆಳೆಯುವುದನ್ನು ಪರೀಕ್ಷಿಸಿದರು. 1952ರಲ್ಲಿ ಗಡ್ಡೆಯಿದ್ದ ಇಲಿಗಳನ್ನು ವಿಮಾನದಲ್ಲಿ ರಿಯೊ ಡಿ ಜನೈರೊಗೆ ಒಯ್ದು, ಗಡ್ಡೆಯ ಚೂರಿನ ಪಕ್ಕದಲ್ಲಿ, ಅದಕ್ಕೆ ತಾಗದಂತೆ, ನರಗಂಟುಗಳನ್ನು ಬೆಳೆಸಿದರು. ಗಂಟಿನ ಸುತ್ತ ತಂತುಗಳು ಸೂರ್ಯಕಿರಣಗಳಂತೆ ಹೊಮ್ಮಿದವು. ಗಡ್ಡೆಯಿಂದ ಯಾವುದೋ ವಸ್ತು ಒಸರುತ್ತಿತ್ತೆಂಬುದು ಖಚಿತವಾಯಿತು. ಅದನ್ನು ಬೇರ್ಪಡಿಸುವ ಹೊಣೆ ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ಅವರದಾಯಿತು. ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲೆಂದು ಬೆರೆಸಿದ ಹಾವಿನ ವಿಷದಲ್ಲೇ ಆ ವಸ್ತು ಹೇರಳವಾಗಿತ್ತು. ಗಂಡಿಲಿಯ ಜೊಲ್ಲಿನ ಗ್ರಂಥಿಯಲ್ಲೂ ಸಿಕ್ಕಿತು. ಅದೇ ನರವರ್ಧಕ ಅಂಶ, ಎನ್‌ಜಿಎಫ್. ಅದನ್ನು ತಡೆಯುವ ಸೀರಮ್ ಚುಚ್ಚಿದ ಎಳೆಯ ಇಲಿಗಳಲ್ಲಿ ಅನುವೇದನಾ ನರಗಂಟುಗಳು ನಶಿಸಿದವೆಂದು 1960ರಲ್ಲಿ ತೋರಿಸಲಾಯಿತು.

ಅದು ಕೆಲಸ ಮಾಡುವ ಬಗೆ ಸ್ಪಷ್ಟವಾದದ್ದು ಬಹಳ ತಡವಾಗಿ. ತಂತುವಿನ ತುದಿಯಲ್ಲಿರುವ ಟ್ರ್ಕ್-ಎ ಎಂಬ ಗ್ರಾಹಕಕ್ಕೆ ಎನ್‌ಜಿಎಫ್ ಅಂಟುತ್ತದೆಂದು 1991ರಲ್ಲಿ ತಿಳಿಯಿತು. ಜೋಡಿಗೂಡಿದ ಗ್ರಾಹಕಗಳು ಪರಸ್ಪರ ಫಾಸ್ಫೇಟ್ ಸೇರಿಸಿಕೊಂಡು ಎಚ್ಚರಗೊಳ್ಳುತ್ತವೆ. ಒಂದು ಸಂಕೇತಮಾರ್ಗ ತಂತುವನ್ನು ಬೆಳೆಸಿದರೆ ಇನ್ನೊಂದು ಕೋಶದ ಸಾವನ್ನು ತಡೆಯುತ್ತದೆ. ಈ ಗ್ರಾಹಕದ ಜೀನ್ ಕೆಟ್ಟ ಮಕ್ಕಳಿಗೆ ನೋವು ತಿಳಿಯುವುದಿಲ್ಲ, ಬೆವರು ಬರುವುದಿಲ್ಲ. ಈ ನಂಟು 1996ರಲ್ಲಿ ಪತ್ತೆಯಾಯಿತು.

1986ರ ನೊಬೆಲ್ ರೀಟಾ ಮತ್ತು ಕೊಹೆನ್‌ಗೆ ಸಂದಿತು. ಹ್ಯಾಂಬರ್ಗರ್ ಅವರನ್ನು ಬಿಟ್ಟದ್ದು ನ್ಯಾಯವಲ್ಲ. ಆಲ್‌ಝೈಮರ್ ರೋಗಿಗಳಲ್ಲಿ ಎನ್‌ಜಿಎಫ್ ಪ್ರಯೋಗಗಳು ನಿರೀಕ್ಷಿಸಿದ ಫಲ ಕೊಡಲಿಲ್ಲ. ನರ ಸೊರಗಿ ಕಾರ್ನಿಯಾ ಹುಣ್ಣಾಗುವ ಕಾಯಿಲೆಗೆ ಮಾತ್ರ, ಎನ್‌ಜಿಎಫ್‌ನಿಂದಲೇ ತಯಾರಿಸಿದ ಕಣ್ಣಿನ ಹನಿಗೆ 2017ರಲ್ಲಿ ಯುರೋಪಿನಲ್ಲಿ, 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.