ಪ್ರತಿನಾಯಕಿಯರ ಒಕ್ಕೂಟ: ಜಪಾನಿನ ‘ಗೊಕುಅಕು ದೋಮೇ’ಯ ಉದಯ ಮತ್ತು ವಿಘಟನೆ

ಜಪಾನಿನ ಮಹಿಳಾ ಕುಸ್ತಿಯ ಚರಿತ್ರೆಯಲ್ಲಿ 1980ರ ದಶಕವನ್ನು ‘ಕ್ರಷ್ ಗ್ಯಾಲ್ಸ್’ ಜೋಡಿಯ, ಅಂದರೆ ಚಿಗುಸಾ ನಾಗಾಯೊ ಮತ್ತು ಲಯನೆಸ್ ಆಸುಕಾ ಅವರ, ಯುಗವೆಂದು ಗುರುತಿಸುವುದು ವಾಡಿಕೆ. ವೈರಿಯ ಹಿರಿಮೆಯನ್ನು ಮೊದಲು ಬಣ್ಣಿಸಿ, ಅವನನ್ನು ಗೆದ್ದದ್ದರಿಂದ ನಾಯಕನ ಹಿರಿಮೆಯನ್ನು ತೋರಿಸುವ ಕ್ರಮವನ್ನು ಸಂಸ್ಕೃತ ಕಾವ್ಯಮೀಮಾಂಸಕ ದಂಡಿ ಮೆಚ್ಚಿದ್ದಾನೆ. ಆ ಕಣ್ಣಿನಿಂದ ನೋಡಿದರೆ ಈ ಯುಗದ ಅರ್ಧ ಪಾಲು ಎದುರಾಳಿ ಬಣವಾದ ‘ಗೊಕುಅಕು ದೋಮೇ’ಗೆ, ಎಂದರೆ ‘ಪರಮದುಷ್ಟರ ಒಕ್ಕೂಟ’ಕ್ಕೆ ಸಲ್ಲಬೇಕು. ಆ ಬಣ ಕೊನೆಗೊಂಡದ್ದು ಸೋಲಿನಿಂದಲ್ಲ, ಒಳಜಗಳದಿಂದಲೂ ಅಲ್ಲ. ಕುಸ್ತಿಪಟುಗಳ ಯೌವನವನ್ನಷ್ಟೇ ಬಯಸಿದ ಸಂಸ್ಥೆಯ ಪದ್ಧತಿಯಿಂದ ಎಂಬುದು ಇಲ್ಲಿನ ವಾದ.

ಮಾತ್ಸುನಾಗಾ ಸಹೋದರರು 1968ರಲ್ಲಿ ಕಟ್ಟಿದ ಅಖಿಲ ಜಪಾನ್ ಮಹಿಳಾ ಕುಸ್ತಿ ಸಂಸ್ಥೆಯಲ್ಲಿ ನಾಯಕಿಯರ ಪಕ್ಷ ಮತ್ತು ಖಳರ ಪಕ್ಷ ಎಂಬ ವಿಭಜನೆ ಮೊದಲೇ ಬೇರೂರಿತ್ತು. 1970ರ ದಶಕದಲ್ಲಿ ಹಾಡಿ ಕುಣಿದು ಮನೆಮಾತಾದ ‘ಬ್ಯೂಟಿ ಪೇರ್’ ಎದುರು ‘ಬ್ಲ್ಯಾಕ್ ಪೇರ್’ ಇತ್ತು. ಆಮೇಲೆ ಡೆವಿಲ್ ಮಸಾಮಿಯ ಪಡೆ ಬಂತು. ಸೈತಾಮಾ ಪ್ರಾಂತ್ಯದ ಕುಮಗಾಯಾದಲ್ಲಿ 1960ರಲ್ಲಿ ಹುಟ್ಟಿ, 1980ರಲ್ಲಿ ಅಖಾಡಕ್ಕಿಳಿದ ಕಾವೊರು ಮಾತ್ಸುಮೊತೊ ಇದೇ ಪರಂಪರೆಯಲ್ಲಿ ಪಳಗಿದವರು. 1984ರಲ್ಲಿ ಅವರು ‘ಡಂಪ್ ಮಾತ್ಸುಮೊತೊ’ ಆಗಿ, ಕ್ರೇನ್ ಯು ಜೊತೆಗೂಡಿ ಹೊಸ ಬಣ ಕಟ್ಟಿದರು. ಹೊಂಬಣ್ಣದ ಕೂದಲು, ಮುಖಕ್ಕೆ ಬಳಿದ ಬಣ್ಣ, ಸರಪಳಿ, ಬಿದಿರಿನ ಕತ್ತಿ ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ಆದರೆ ನಿಜವಾದ ಬಲ ಇದ್ದದ್ದು ತೀರ್ಪುಗಾರ ಶಿರೊ ಅಬೆಯವರ ಬಹಿರಂಗ ಪಕ್ಷಪಾತದಲ್ಲಿ. ಬಲಶಾಲಿ ದುರ್ಬಲನನ್ನು ಹೊಡೆದರೆ ನೋಡುಗರಿಗೆ ಮರುಕ ಹುಟ್ಟುತ್ತದೆ. ನ್ಯಾಯ ಹೇಳಬೇಕಾದವನೇ ಕಣ್ಣು ಮುಚ್ಚಿಕೊಂಡರೆ ರೋಷ ಉಕ್ಕುತ್ತದೆ. ಶಾಲಾ ಹುಡುಗಿಯರೇ ಹೆಚ್ಚಾಗಿ ತುಂಬಿರುತ್ತಿದ್ದ ಸಭಾಂಗಣಗಳಲ್ಲಿ ಈ ಬಣ ಬಿತ್ತಿದ್ದು ಆ ರೋಷವನ್ನು.

1985ರ ಆಗಸ್ಟ್ 28ರಂದು ಒಸಾಕಾ-ಜೋ ಸಭಾಂಗಣದಲ್ಲಿ ನಾಗಾಯೊ ಮತ್ತು ಮಾತ್ಸುಮೊತೊ ತಲೆಗೂದಲನ್ನೇ ಪಣಕ್ಕಿಟ್ಟು ಆಡಿದ ಪಂದ್ಯ ಆ ರೋಷದ ಶಿಖರ. ನಾಗಾಯೊ ಸೋತರು, ರಕ್ತ ಸುರಿಯುತ್ತಿದ್ದ ಅವರ ತಲೆಯನ್ನು ಅಖಾಡದಲ್ಲೇ ಬೋಳಿಸಲಾಯಿತು, ಅಭಿಮಾನಿಗಳು ಬಿಕ್ಕಿಬಿಕ್ಕಿ ಅತ್ತರು. 1986ರ ನವೆಂಬರ್ 7ರಂದು ಅದೇ ಸಭಾಂಗಣದಲ್ಲಿ ನಾಗಾಯೊ ಗೆದ್ದರು, ಮಾತ್ಸುಮೊತೊ ತಲೆ ಬೋಳಿಸಿಕೊಂಡರು. ಎರಡನೆಯ ಪಂದ್ಯದ ಬೆಲೆ ನಿಂತಿರುವುದೇ ಮೊದಲನೆಯ ಅನ್ಯಾಯದ ಮೇಲೆ. ಕ್ರಷ್ ಗ್ಯಾಲ್ಸ್ ಜನಪ್ರಿಯತೆಗೆ ಅವರ ಹಾಡುಗಳು ಮತ್ತು ಫುಜಿ ಟೆಲಿವಿಷನ್ ಪ್ರಸಾರವೇ ಸಾಕಷ್ಟು ಕಾರಣವಲ್ಲವೇ ಎಂದು ಕೇಳಬಹುದು. ಹಾಡು ಮತ್ತು ಪ್ರಸಾರ ಅವರನ್ನು ಮನೆಮನೆಗೆ ಮುಟ್ಟಿಸಿದ್ದು ನಿಜ. ಆದರೆ ನಾಗಾಯೊ ಅವರನ್ನು ಬರೀ ತಾರೆಯಾಗಿ ಉಳಿಸದೆ, ನೊಂದು ಎದ್ದುನಿಂತ ನಾಯಕಿಯನ್ನಾಗಿ ಮಾಡಿದ್ದು ಆ ಬೋಳುತಲೆ. ಫಲಿತಾಂಶ ಮೊದಲೇ ನಿಶ್ಚಿತವಾಗಿರುವ ಕುಸ್ತಿಯಲ್ಲಿ ಇದಕ್ಕೆಲ್ಲ ಏನು ಅರ್ಥ ಎಂಬ ಆಕ್ಷೇಪವೂ ನಿಲ್ಲದು. ನಾಟಕದ ಅಂತ್ಯ ನಟರಿಗೆ ಗೊತ್ತಿರುತ್ತದೆಂದು ನೋಡುಗರ ಕಣ್ಣೀರು ಸುಳ್ಳಾಗುವುದಿಲ್ಲ. ಮಾತ್ಸುಮೊತೊ ಅಖಾಡದ ಹೊರಗೂ ಜನರ ದ್ವೇಷವನ್ನು ಉಂಡರು. ಆ ಪಾತ್ರಕ್ಕೆ ಅವರು ತೆತ್ತ ಬೆಲೆ ನಿಜವಾದದ್ದು.

ಇಷ್ಟು ಬಲವಾದ ಬಣ ಒಡೆದದ್ದೇಕೆ? ಕ್ರೇನ್ ಯು 1985ರಲ್ಲೇ ನಿವೃತ್ತರಾದರೂ ಬುಲ್ ನಾಕಾನೊ ಆ ಜಾಗ ತುಂಬಿದರು. ಆದರೆ ಇಪ್ಪತ್ತೈದರ ಆಸುಪಾಸಿನಲ್ಲಿ ಕುಸ್ತಿಪಟುಗಳನ್ನು ಬೀಳ್ಕೊಡುವುದು ಸಂಸ್ಥೆಯ ರೂಢಿಯಾಗಿತ್ತು. 27 ತುಂಬಿದ್ದ ಮಾತ್ಸುಮೊತೊ 1988ರ ಫೆಬ್ರವರಿಯಲ್ಲಿ ನಿವೃತ್ತರಾದರು, ಒಕ್ಕೂಟ ಚದುರಿತು. ಮರುವರ್ಷ ನಾಗಾಯೊ, ಆಸುಕಾ ಇಬ್ಬರೂ ತೆರಳಿದರು. ನಾಕಾನೊ ತಮ್ಮದೇ ಬಣ ಕಟ್ಟಿ ಮುಂದುವರಿದರಲ್ಲ, ಹಾಗಾದರೆ ಇದು ವಿಘಟನೆ ಹೇಗೆ ಎನ್ನುವವರು ಒಂದು ವ್ಯತ್ಯಾಸ ಗಮನಿಸಬೇಕು. 1990ರಲ್ಲಿ ಸಂಸ್ಥೆಯ ಅತ್ಯುನ್ನತ ಪಟ್ಟಕ್ಕೇರಿದ ನಾಕಾನೊ, 1992ರ ನವೆಂಬರ್‌ನಲ್ಲಿ ಆಜಾ ಕಾಂಗ್‌ಗೆ ಸೋಲುವವರೆಗೂ ಅದನ್ನು ಉಳಿಸಿಕೊಂಡರು. ಜನ ಅವರನ್ನು ಮೆಚ್ಚಿದ್ದು ಕೌಶಲಕ್ಕಾಗಿ. ವೇಷ ಉಳಿಯಿತು, ಅದರ ಹಿಂದಿದ್ದ ಅನ್ಯಾಯದ ಕಥನ ಉಳಿಯಲಿಲ್ಲ.

ಆ ಕಥನ ಮುಗಿದದ್ದಕ್ಕೆ ಮಾತ್ಸುಮೊತೊ ಅವರ ಬೀಳ್ಕೊಡುಗೆಯ ದಿನವೇ ಸಾಕ್ಷಿ. 1980ರಲ್ಲಿ ಒಟ್ಟಿಗೇ ವೃತ್ತಿ ಆರಂಭಿಸಿದ ನಾಲ್ವರು ಅಂದು ಎದುರುಬದುರಾದರು: ಮಾತ್ಸುಮೊತೊ ಮತ್ತು ಯುಕಾರಿ ಓಮೊರಿ ಒಂದು ಕಡೆ, ಕ್ರಷ್ ಗ್ಯಾಲ್ಸ್ ಇನ್ನೊಂದು ಕಡೆ. ಪಂದ್ಯ ಮುಗಿದ ಮೇಲೆ ಜೋಡಿಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಕೆಲವು ನಿಮಿಷ ಆಡಿದರು. ಆಗ ಮಾತ್ಸುಮೊತೊ ಅವರ ಪಕ್ಕದಲ್ಲಿ ನಿಂತದ್ದು, ಅವರ ಕೈಯಲ್ಲಿ ತಲೆ ಬೋಳಿಸಿಕೊಂಡಿದ್ದ ನಾಗಾಯೊ.